ಗೋಡಂಬಿಯನ್ನು ಎಲ್ಲಿಡೋಣ?

ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನಲ್ಲಿ, ನವೆಂಬರ್ ತಿಂಗಳಲ್ಲಿ, ಹಳದಿ-ಕೆಂಪು ಶಾಲು ಹೊದ್ದು ಬೀದಿಗಿಳಿಯಬಾರದು ಎಂಬ ಸಂಗತಿಯನ್ನು ವೀಸಾ ಕೊಟ್ಟವರಾಗಲಿ ವಿಮಾನ ಹತ್ತಿಸಿದವರಾಗಲಿ ನನಗೆ ಹೇಳಿರಲಿಲ್ಲ. ಇಲ್ಲಿನ ಕನ್ನಡ ಕೂಟದವರು ರಾಜ್ಯೋತ್ಸವದ ದಿನ, ಊರಿನಿಂದ ಬಂದಿಳಿದ ಅಪ್ಪ-ಅಮ್ಮಂದಿರನ್ನೆಲ್ಲ ಸಾಲಾಗಿ ವೇದಿಕೆ ಹತ್ತಿಸಿ ‘ಹಿರಿಯರಿಗೆ ಸನ್ಮಾನ’ ಅಂತ ತಲಾ ಒಂದು ಶಾಲು ಹೊದಿಸಿದ್ದರು. ಸನ್ಮಾನಕ್ಕೆ ಬೇಕಾದ ಅರ್ಹತೆ ವಯಸ್ಸೊಂದೇ ಆಗಿದ್ದರಿಂದ ನನಗೂ ಸಿಕ್ಕಿತು. ಶಾಲು ದಪ್ಪಗಿತ್ತು, ಹೊರಗೆ ಚಳಿಯಿತ್ತು. ಬೆಳಗ್ಗೆ ಅದನ್ನೇ ಹೊದ್ದು ವಾಕಿಂಗ್ ಹೊರಟೆ. ಪಕ್ಕದ ಮನೆಯ ಯಜಮಾನರು ಒಣಗಿದೆಲೆ ಊದುವ ಯಂತ್ರವನ್ನು ತಟ್ಟನೆ ಆರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಲೆ ನಮ್ಮವರು, ಕೆಳಗೆ ಅವರು. ನೀವು ಯಾರ ಕಡೆ?” ಅಂದರು.

ನನಗೇನು ಗೊತ್ತು? ಹಳದಿ ಮಿಷಿಗನ್ ವಿಶ್ವವಿದ್ಯಾಲಯದ ಬಣ್ಣವಂತೆ, ಮುಸುಕಿನ ಜೋಳದ ಹಳದಿ. ಕೆಂಪು ಪಕ್ಕದ ರಾಜ್ಯದ ಒಹಾಯೊ ಸ್ಟೇಟ್‌ನದು. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಫುಟ್‌ಬಾಲಿನಲ್ಲಿ ಈ ಎರಡು ವಿಶ್ವವಿದ್ಯಾಲಯಗಳ ಕದನ 1897ರಲ್ಲಿ ಶುರುವಾಗಿದ್ದು, ಇನ್ನೂ ರಾಜಿಯಾಗಿಲ್ಲ. ಪ್ರತಿ ನವೆಂಬರಿನ ಕೊನೆಗೆ ಒಂದು ಶನಿವಾರ ಎದುರುಬದುರಾಗುತ್ತಾರೆ. ಆ ವಾರ ಕೆಂಪು ಕಾರು ಇಟ್ಟುಕೊಂಡವರೂ ಸ್ವಲ್ಪ ಸಂಕೋಚದಿಂದಲೇ ಓಡಾಡುತ್ತಾರೆ ಎಂದಳು ಮಗಳು. “ಇದು ನಮ್ಮ ಭಾಷೆಯ ಬಾವುಟದ ಬಣ್ಣ” ಎಂದು ನಾನು ವಿವರಿಸಿದಾಗ ಯಜಮಾನರು, “ಎರಡನ್ನೂ ಒಂದೇ ಬಟ್ಟೆಗೆ ಹೊಲಿದು ಬಾಳುವೆ ಮಾಡ್ತಿದೀರಲ್ಲ, ದೊಡ್ಡವರು ನೀವು” ಎಂದು ಕೈ ಕುಲುಕಿದರು. ಆವತ್ತಿನಿಂದ ಸಂಜೆ ಹೊತ್ತು ಅವರು ನಮ್ಮ ಮನೆಯ ಮುಂದಿನ ಕಟ್ಟೆಗೆ ಬಂದು ಕೂರುವುದು ರೂಢಿಯಾಯಿತು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಫಿಲ್ಟರ್ ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿಸಿಕೊಂಡು ಕುಡಿಯುತ್ತಿದ್ದರು, ಅವರ ಹೆಂಡತಿಗೆ ಹೇಳಬಾರದು ಎಂಬ ಕರಾರಿನ ಮೇಲೆ.

ಹೀಗಿರುವಾಗ ಒಂದು ಸಂಜೆ ಅವರ ಮುಖ ಬಾಡಿತ್ತು. ಮೊಮ್ಮಗನ ಚಿಂತೆ ಎಂದರು. ನಾನು ಯಥಾಪ್ರಕಾರ ಅಂಕ, ಸಹವಾಸ, ಮೊಬೈಲು ಎಂದೆಲ್ಲ ಊಹಿಸಿದೆ. ಯಾವುದೂ ಅಲ್ಲ. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಆ ಹುಡುಗ ಫುಟ್‌ಬಾಲ್ ಆಡುತ್ತಾನೆ. ಚೆಂಡು ಎಸೆಯುತ್ತಾನೆ, ಎಸೆದದ್ದನ್ನು ಹಿಡಿಯುತ್ತಾನೆ, ಹಿಡಿದುಕೊಂಡು ಓಡುತ್ತಾನೆ, ಓಡುವವನನ್ನು ಕೆಡವುತ್ತಾನೆ, ಒದೆಯುವವನ ಕಾಲು ಉಳುಕಿದ ದಿನ ತಾನೇ ಒದ್ದೂ ಒದ್ದಿದ್ದಾನೆ. ಮೂರು ಕಾಲೇಜುಗಳು ಸ್ಕಾಲರ್‌ಶಿಪ್ ಕೊಟ್ಟು ಕರೆಯುತ್ತಿವೆ. ಒಂದು ‘ರಿಸೀವರ್ ಮಾಡ್ತೀವಿ’ ಎನ್ನುತ್ತದೆ, ಇನ್ನೊಂದು ‘ರಕ್ಷಣೆಗೆ ಹಾಕ್ತೀವಿ’ ಎನ್ನುತ್ತದೆ, ಮೂರನೆಯದು ‘ಬಾ, ಆಮೇಲೆ ನೋಡೋಣ’ ಎನ್ನುತ್ತದೆ. ಡಿಸೆಂಬರ್ ಮೊದಲ ವಾರ ಸಹಿ ಹಾಕಬೇಕು. ಹುಡುಗ ಎಲ್ಲಿ ನಿಂತು ಆಡಬೇಕು?

ಇದೂ ಒಂದು ಚಿಂತೆಯೇ ಎಂದು ಒಳಗೊಳಗೇ ನಕ್ಕೆ. ಆದರೆ ಅವರು ಮುಂದೆ ಹೇಳಿದ್ದು ಕೇಳಿ ನಗು ನಿಂತಿತು. ಈ ದೇಶದಲ್ಲಿ ಹೈಸ್ಕೂಲ್ ಆಟಗಾರರನ್ನೆಲ್ಲ ಅಳೆದು ತೂಗಿ ಎರಡು, ಮೂರು, ನಾಲ್ಕು, ಐದು ನಕ್ಷತ್ರ ಕೊಡುವ ಸಂಸ್ಥೆಗಳಿವೆ. ಪ್ರತಿ ಹುಡುಗನ ಹೆಸರಿನ ಪಕ್ಕದಲ್ಲಿ ಎತ್ತರ, ತೂಕ, ಆಡುವ ಜಾಗ ಬರೆದಿರುತ್ತಾರೆ. ಒಬ್ಬ ಕ್ವಾರ್ಟರ್‌ಬ್ಯಾಕ್, ಒಬ್ಬ ಲೈನ್‌ಬ್ಯಾಕರ್, ಒಬ್ಬ ಸೇಫ್ಟಿ. ಯಾವುದಕ್ಕೂ ಸೇರಿಸಲಾಗದ, ಎಲ್ಲಕ್ಕೂ ಸೇರಿಸಬಹುದಾದ ಹುಡುಗರಿಗೆ ಒಂದು ಬೇರೆಯೇ ಕಲಮು: ‘ಅಥ್ಲೀಟ್’. ಯಜಮಾನರ ಮೊಮ್ಮಗ ಅಥ್ಲೀಟ್. ಹೊಗಳಿಕೆಯೇನೋ ಹೌದು. ಆದರೆ ಹುಡುಗ ಚೆನ್ನಾಗಿದ್ದಾನೆ, ಏನು ಮಾಡಬೇಕೋ ಗೊತ್ತಾಗುತ್ತಿಲ್ಲ ಎಂಬ ಷರಾ ಕೂಡ ಅದರ ಹಿಂದೆಯೇ ಇದೆ.

ನನಗೆ ಈ ಷರಾ ಹೊಸದಲ್ಲ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು. ಗಣಿತವೂ ಇರಲಿ, ಜೀವಶಾಸ್ತ್ರವೂ ಇರಲಿ ಎಂದು ಪಿಸಿಎಂಬಿ ತೆಗೆದುಕೊಂಡ ಬುದ್ಧಿವಂತ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಆಯಸ್ಸು ಸವೆಸಿದವನು. ಎರಡನೇ ಪಿಯು ಮುಗಿಯುವ ಹೊತ್ತಿಗೆ ಅಪ್ಪಂದಿರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. “ಸಾರ್, ಇವನಿಗೆ ಎರಡೂ ಬರುತ್ತೆ. ಎಂಜಿನಿಯರಿಂಗೋ ಮೆಡಿಕಲ್ಲೋ ನೀವೇ ಹೇಳಿ.” ಒಂದೇ ಬರುವವನ ಅಪ್ಪ ಇಷ್ಟು ಸಂಕಟಪಟ್ಟಿದ್ದನ್ನು ನಾನು ಕಂಡಿಲ್ಲ. ಹುಡುಗ ಮಾತ್ರ ಅಪ್ಪನ ಹಿಂದೆ ನಿಂತು ಗೋಡೆಯ ಮೇಲಿನ ಆವರ್ತಕ ಕೋಷ್ಟಕ ನೋಡುತ್ತಿರುತ್ತಿದ್ದ, ತನ್ನ ಹೆಸರು ಅದರಲ್ಲಿ ಎಲ್ಲಾದರೂ ಇದೆಯೇನೋ ಎಂಬಂತೆ. ಈ ಅನುಭವವನ್ನು ಯಜಮಾನರಿಗೆ ಹೇಳಿದ್ದೇ ತಡ, “ಹಾಗಾದ್ರೆ ನೀವೇ ಸರಿಯಾದ ಮನುಷ್ಯ” ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಫುಟ್‌ಬಾಲ್ ಗೊತ್ತಿಲ್ಲವಲ್ಲ ಎಂದರೆ, “ನೀವು ಮೆಡಿಕಲ್ ಓದಿದ್ರಾ? ಮಕ್ಕಳಿಗೆ ಹೇಳಲಿಲ್ವಾ?” ಎಂದುಬಿಟ್ಟರು. ಬಾಯಿ ಮುಚ್ಚಿದೆ.

ಅಷ್ಟರಲ್ಲಿ ನಮ್ಮಾಕೆ ತಟ್ಟೆಯಲ್ಲಿ ಕುರುಕಲು ತಂದಿಟ್ಟಳು. ಯಜಮಾನರು ತಟ್ಟೆ ನೋಡಿದ್ದೇ ಕೋಚ್ ಆಗಿಬಿಟ್ಟರು. ಐದು ನಿಪ್ಪಟ್ಟುಗಳನ್ನು ಸಾಲಾಗಿ ಜೋಡಿಸಿ, “ಇವರು ಲೈನ್‌ಮನ್ನುಗಳು, ಒಬ್ಬೊಬ್ಬ ನೂರಮೂವತ್ತು ನೂರನಲವತ್ತು ಕಿಲೋ. ಕೆಲಸ ತಡೆಯೋದು, ಅಷ್ಟೇ” ಎಂದರು. ಅವರ ಹಿಂದೆ ಒಂದು ಕೋಡುಬಳೆ ಇಟ್ಟರು. ಅದು ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವವನು, ಊರಿಗೆಲ್ಲ ಮುದ್ದು, ಪೋಸ್ಟರ್ ಅವನದೇ. ತಟ್ಟೆಯ ಅಂಚಿಗೆ ಎರಡು ಕಡೆ ಕಡಲೆಬೀಜ. ಇವರು ರಿಸೀವರುಗಳು, ಓಡಿ ಹೋಗಿ ಚೆಂಡು ಹಿಡಿಯುವವರು. ಎದುರಿಗೆ ಚಕ್ಕುಲಿ ಮುರಿದು ಹನ್ನೊಂದು ಚೂರು ಹರಡಿದರು, ರಕ್ಷಣೆಯವರು. ಕಡಲೆಬೀಜದ ಎದುರಿಗೇ ನಿಂತ ಚಕ್ಕುಲಿ ಚೂರು ಕಾರ್ನರ್‌ಬ್ಯಾಕ್. ಎಲ್ಲರಿಗಿಂತ ಹಿಂದೆ ನಿಂತದ್ದು ಸೇಫ್ಟಿ. ಆಮೇಲೆ ಅವಲಕ್ಕಿ ಒಗ್ಗರಣೆಯೊಳಗಿಂದ ಒಂದು ಗೋಡಂಬಿಯನ್ನು ಹೆಕ್ಕಿ ತೆಗೆದು ಅಂಗೈ ಮೇಲಿಟ್ಟುಕೊಂಡು, “ಇವನು ನನ್ನ ಮೊಮ್ಮಗ. ಎಲ್ಲಿಡೋಣ?” ಅಂದರು.

ಕೋಡುಬಳೆಯ ಜಾಗಕ್ಕೆ ಇಡಬಹುದು. ಹುಡುಗನ ತಾಯಿಗೆ ಅದೇ ಆಸೆ, ಏಕೆಂದರೆ ಕ್ವಾರ್ಟರ್‌ಬ್ಯಾಕನ್ನು ಬೇಕಾಬಿಟ್ಟಿ ಕೆಡವದಂತೆ ನಿಯಮಗಳಿವೆ. ಆದರೆ ತಂಡಕ್ಕೆ ಕೋಡುಬಳೆ ಒಂದೇ. ಎರಡನೆಯವನು ಟೋಪಿ ಹಾಕಿಕೊಂಡು ಗೆರೆಯಾಚೆ ನಿಂತು ಮೊದಲನೆಯವನ ಕಾಲು ಯಾವಾಗ ಉಳುಕೀತೋ ಎಂದು, ಹಾಗೆ ಅಂದುಕೊಂಡದ್ದು ಮುಖದಲ್ಲಿ ಕಾಣದಂತೆ, ಕಾಯುತ್ತಿರಬೇಕು. ಕಡಲೆಬೀಜದ ಜಾಗಕ್ಕೆ ಇಡಬಹುದು. ಆದರೆ ಕಾಲು ಚುರುಕಾಗಿರುವ ಹುಡುಗರಿಗೆಲ್ಲ ರಿಸೀವರ್ ಆಗುವುದೇ ಇಷ್ಟ. ಚೆಂಡು ಕೈಗೆ ಬರುತ್ತದೆ, ಅಂಕ ಸಿಗುತ್ತದೆ, ಟಿವಿಯಲ್ಲಿ ಮುಖ ಬರುತ್ತದೆ. ಅಲ್ಲಿ ನೂಕುನುಗ್ಗಲು. ಹಾಗಾಗಿ ಯಜಮಾನರು ಗೋಡಂಬಿಯನ್ನು ಎದುರು ಸಾಲಿಗೆ ತಂದು ಕಾರ್ನರ್‌ಬ್ಯಾಕ್ ಮಾಡಿ ಗಟ್ಟಿಯಾಗಿ ಒತ್ತಿದರು. “ಇಲ್ಲಿ ಜನ ಇಲ್ಲ. ರಿಸೀವರ್ ಎತ್ತ ಓಡ್ತಾನೆ ಅಂತ ಅವನಿಗೆ ಗೊತ್ತು. ಇವನಿಗೆ ಗೊತ್ತಿಲ್ಲ. ಗೊತ್ತಿಲ್ಲದೆ, ಹಿಂದು ಹಿಂದಕ್ಕೆ ಓಡ್ತಾ, ಕ್ಷಣಾರ್ಧದಲ್ಲಿ ಸೊಂಟ ತಿರುಗಿಸಬೇಕು. ಅಂಥ ಸೊಂಟ ಎಲ್ಲರಿಗೂ ಇರಲ್ಲ.” ಆಟಗಾರರನ್ನು ಹುಡುಕಿಕೊಂಡು ಊರೂರು ಸುತ್ತುವವರು ಕಾರ್ನರ್‌ಬ್ಯಾಕ್ ಹುಡುಗರ ಸೊಂಟವನ್ನೇ ದಿಟ್ಟಿಸಿ ನೋಡಿ ಟಿಪ್ಪಣಿ ಬರೆದುಕೊಳ್ಳುತ್ತಾರಂತೆ. ನಮ್ಮಲ್ಲಿ ಭರತನಾಟ್ಯದ ಗುರುಗಳೂ ಇಷ್ಟು ನೋಡುವುದಿಲ್ಲ ಎಂದಳು ನಮ್ಮಾಕೆ.

ಕಾರ್ನರ್‌ಬ್ಯಾಕ್ ಮೇಲಿನ ಯಜಮಾನರ ಮೋಹಕ್ಕೆ ಇನ್ನೊಂದು ಕಾರಣವಿತ್ತು, ಚಾರ್ಲ್ಸ್ ವುಡ್ಸನ್. ಇದೇ ಆ್ಯನ್ ಆರ್ಬರಿನಲ್ಲಿ ಆಡಿದ ಹುಡುಗ. ಕಾರ್ನರ್‌ಬ್ಯಾಕ್ ಆಗಿದ್ದುಕೊಂಡೇ ಆಗೊಮ್ಮೆ ಈಗೊಮ್ಮೆ ರಿಸೀವರ್ ಆಗಿಯೂ ಬರುತ್ತಿದ್ದ, ಎದುರಾಳಿ ಒದ್ದ ಚೆಂಡನ್ನು ಹಿಡಿದು ಮರಳಿ ಓಡುತ್ತಿದ್ದ. 1997ರಲ್ಲಿ ಕಾಲೇಜು ಫುಟ್‌ಬಾಲಿನ ಅತಿದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಅವನಿಗೆ ಬಂತು. ಮುಖ್ಯವಾಗಿ ರಕ್ಷಣೆಯಲ್ಲಿ ಆಡುವವನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಹಿಂದಕ್ಕೆ ಹಾಕಿದ್ದು ಯಾರನ್ನು? ಪೇಟನ್ ಮ್ಯಾನಿಂಗ್ ಎಂಬ ಮಹಾ ಕೋಡುಬಳೆಯನ್ನು. ಇದನ್ನು ಹೇಳುವಾಗ ಯಜಮಾನರ ದನಿ, ಸ್ವಂತ ಮಗನ ಮದುವೆ ವಿಡಿಯೊ ತೋರಿಸುವವರ ದನಿಯಂತಿತ್ತು. ಆಮೇಲೆ ವೃತ್ತಿಪರ ಆಟದಲ್ಲಿ ವಯಸ್ಸಾಗಿ ಕಾಲು ಸೋತಾಗ ವುಡ್ಸನ್ ಕಾರ್ನರಿನಿಂದ ಹಿಂದೆ ಸರಿದು ಸೇಫ್ಟಿಯಾದ. ಅದನ್ನು ಮಾತ್ರ ಅವರು ಮೆಲ್ಲಗೆ ಹೇಳಿದರು.

ಆದರೆ ಮಿಷಿಗನ್ನಿನವರೇ ಜಬ್ರಿಲ್ ಪೆಪ್ಪರ್ಸ್‌ನನ್ನೂ ಕಂಡಿದ್ದಾರೆ. 2016ರಲ್ಲಿ ಆ ಹುಡುಗ ಆಡದ ಜಾಗವೇ ಇರಲಿಲ್ಲ. ರಕ್ಷಣೆಯ ನಡುಸಾಲಿನಲ್ಲಿ ಲೈನ್‌ಬ್ಯಾಕರ್, ಬೇಕಾದಾಗ ಹಿಂದಿನ ಸಾಲಿಗೆ, ದಾಳಿಯಲ್ಲಿ ಚೆಂಡು ಹಿಡಿದು ಓಡುವವನು, ಒದ್ದ ಚೆಂಡು ಮರಳಿಸುವವನು. ಆ ವರ್ಷ ದೇಶದ ಅತ್ಯಂತ ಬಹುಮುಖಿ ಆಟಗಾರನಿಗೆ ಕೊಡುವ ಪಾಲ್ ಹಾರ್ನಂಗ್ ಪ್ರಶಸ್ತಿ ಅವನ ಪಾಲಾಯಿತು. ಹೈಸ್ಮನ್‌ಗೂ ಕೊನೆಯ ಸುತ್ತಿನಲ್ಲಿ ಇದ್ದ. ಮರುವರ್ಷ ವೃತ್ತಿಪರ ತಂಡಗಳು ಆಟಗಾರರನ್ನು ಆಯ್ದುಕೊಳ್ಳುವ ದಿನ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಲ್ಲ ಸರಿ, ಇವನ ಜಾಗ ಯಾವುದು? ಇಪ್ಪತ್ತೈದನೆಯವನಾಗಿ ಆಯ್ಕೆಯಾದ, ಸೇಫ್ಟಿಯಾಗಿ ಬಾಳು ಕಟ್ಟಿಕೊಂಡ. ಕೆಟ್ಟ ಫಲಿತಾಂಶವೇನಲ್ಲ. ಆದರೆ ಮನೆಗೆ ಬಂದ ನೆಂಟರೆಲ್ಲ ‘ಎಲ್ಲ ಕೆಲಸಕ್ಕೂ ಸೈ’ ಎಂದು ಮೆಚ್ಚಿದ ಹುಡುಗನಿಗೆ ಸಂದರ್ಶನದಲ್ಲಿ ‘ನಿಮ್ಮ ವಿಶೇಷ ಪರಿಣತಿ ಏನು?’ ಎಂದು ಕೇಳಿದರೆ ಹೇಗಾಗಬೇಡ.

ಹಾಗಾದರೆ ಎಲ್ಲವನ್ನೂ ಒಬ್ಬನೇ ಆಡಬಾರದೇ ಎಂದು ನಾನು ಕೇಳಿದೆ. ಹಿಂದೆ ಹಾಗೇ ಇತ್ತಂತೆ. ದಾಳಿ ಮಾಡಿದ ಹನ್ನೊಂದು ಜನವೇ ರಕ್ಷಣೆಗೂ ನಿಲ್ಲುತ್ತಿದ್ದರು. ಬದಲಿ ಆಟಗಾರರ ನಿಯಮ 1941ರಲ್ಲಿ ಸಡಿಲವಾಯಿತು. 1945ರಲ್ಲಿ ಮಿಷಿಗನ್ನಿನ ಕೋಚ್ ಫ್ರಿಟ್ಜ್ ಕ್ರಿಸ್ಲರ್, ಬಲಾಢ್ಯ ಆರ್ಮಿ ತಂಡದೆದುರು ತನ್ನ ಎಳೆಯ ಹುಡುಗರು ಉಳಿಯುವುದು ಕಷ್ಟವೆಂದು ಕಂಡು, ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು ಗುಂಪು ಮಾಡಿದ. ಆ ಪಂದ್ಯ ಸೋತರು, ಉಪಾಯ ಗೆದ್ದಿತು. ನಡುವೆ 1953ರಲ್ಲಿ ಆಡಳಿತದವರು ಅದನ್ನು ನಿಲ್ಲಿಸಿ ನೋಡಿದರು, ಅರವತ್ತರ ದಶಕದಲ್ಲಿ ಮತ್ತೆ ಬಿಟ್ಟುಕೊಟ್ಟರು. ಒಬ್ಬನಿಗೆ ಒಂದೇ ಕೆಲಸ ಎಂಬ ಈ ಪದ್ಧತಿ ಬೇರೂರಿದ್ದು ಹೀಗೆ. ಆ ಪುಣ್ಯಾತ್ಮನ ನೆನಪಿಗೆ ಇಲ್ಲಿನ ಕ್ರೀಡಾಂಗಣದಲ್ಲಿ ಒಂದು ಸೀಟು ಇಟ್ಟಿದ್ದಾರೆ. ಕ್ರೀಡಾಂಗಣದ ಆಸನಗಳ ಲೆಕ್ಕ 1,07,601. ನಮ್ಮ ಚಿನ್ನಸ್ವಾಮಿ ಎರಡು ಸೇರಿದರೂ ಸಾಲದು. ಕೊನೆಯ ಆ ಒಂದು ಕ್ರಿಸ್ಲರನದು ಎಂದು ಪ್ರತೀತಿ. ತಮಾಷೆ ಏನೆಂದರೆ ಆ ಸೀಟು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಊರ ಮಕ್ಕಳಿಗೆಲ್ಲ ‘ನಿನ್ನ ಜಾಗ ಇದು’ ಎಂದು ತೋರಿಸಿದ ಮನುಷ್ಯ ಎಲ್ಲಿ ಕೂತಿದ್ದಾನೋ ದೇವರೇ ಬಲ್ಲ.

ಕ್ರಿಸ್ಲರನ ಗೆರೆಯನ್ನು ಅಳಿಸಿ ಓಡಾಡಿದವನೂ ಒಬ್ಬನಿದ್ದಾನೆ. ಕೊಲರಾಡೊದ ಟ್ರ್ಯಾವಿಸ್ ಹಂಟರ್ 2024ರಲ್ಲಿ ರಿಸೀವರ್ ಆಗಿ 96 ಸಲ ಚೆಂಡು ಹಿಡಿದು 1,258 ಗಜ ಸಾಗಿ 15 ಟಚ್‌ಡೌನ್ ಗಳಿಸಿದ. ಅದೇ ಪಂದ್ಯಗಳಲ್ಲಿ ಎದುರಾಳಿ ದಾಳಿಗೆ ಬಂದಾಗ ಬೆಂಚಿಗೆ ಹೋಗಿ ನೀರು ಕುಡಿಯುವ ಬದಲು ಕಾರ್ನರ್‌ಬ್ಯಾಕ್ ಆಗಿ ನಿಂತು ನಾಲ್ಕು ಸಲ ಅವರ ಚೆಂಡು ಕಸಿದ. ದೇಶದ ಅತ್ಯುತ್ತಮ ರಿಸೀವರ್ ಪ್ರಶಸ್ತಿಯೂ ಬಂತು, ಅತ್ಯುತ್ತಮ ರಕ್ಷಕ ಪ್ರಶಸ್ತಿಯೂ ಬಂತು, ಹೈಸ್ಮನ್ನೂ ಬಂತು. “ನೋಡಿ, ಎರಡೂ ಆಗುತ್ತಲ್ಲ” ಎಂದೆ ನಾನು. ಯಜಮಾನರು ತಲೆ ಅಲ್ಲಾಡಿಸಿದರು. ಓಡುವ ಶಕ್ತಿ ಎಷ್ಟೋ ಹುಡುಗರಿಗಿದೆ, ಕೂರುವ ಸಮಯ ಯಾರಿಗೂ ಇಲ್ಲ. ಪ್ರತಿ ಜಾಗಕ್ಕೂ ಒಬ್ಬ ಬೇರೆ ಕೋಚ್, ಬೇರೆ ಕೋಣೆ, ಬೇರೆ ಪುಸ್ತಕ. ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಕಾಲೇಜಿನವರು ಹುಡುಗರನ್ನು ಆಟಕ್ಕೆ ಹಿಡಿದಿಡುವಂತಿಲ್ಲ. ರಿಸೀವರುಗಳ ಕೋಣೆಯಲ್ಲಿ ಪಾಠ ನಡೆಯುವಾಗಲೇ ಕಾರ್ನರ್‌ಬ್ಯಾಕುಗಳ ಕೋಣೆಯಲ್ಲೂ ಪಾಠ. ಎರಡೂ ಕಡೆ ಹಾಜರಿ ಹಾಕಿಸಿಕೊಳ್ಳುವುದು ಹೇಗೆ? ಇದು ನನಗೆ ಚೆನ್ನಾಗಿ ಅರ್ಥವಾಯಿತು. ಗಣಿತ ಲ್ಯಾಬಿಲ್ಲದ ವಿಷಯ ಎಂಬ ಒಂದೇ ಕಾರಣಕ್ಕೆ ನಮ್ಮ ಪಿಸಿಎಂಬಿ ಮಕ್ಕಳು ಬದುಕಿಕೊಂಡಿದ್ದರು.

ಮಾತಿನ ಮಧ್ಯೆ ಯಜಮಾನರು ಗೊತ್ತಿಲ್ಲದೆ ಒಂದು ನಿಪ್ಪಟ್ಟು ತಿಂದುಬಿಟ್ಟಿದ್ದರು. ಲೈನಿನ ಎಡಗಡೆ ಬಾಗಿಲು ತೆರೆದಂತಾಯಿತು. “ಆ ಜಾಗಕ್ಕೆ ಗೋಡಂಬಿ ಇಡಬಹುದಲ್ಲ” ಎಂದು ನಮ್ಮಾಕೆ ಸಹಜವಾಗಿ ಹೇಳಿದಳು. ನಾನು ನಕ್ಕೆ, ಅವರು ನಗಲಿಲ್ಲ. ಲೇನ್ ಜಾನ್ಸನ್ ಎಂಬವನ ಕತೆ ತೆಗೆದರು. ಸಣ್ಣ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ಒಕ್ಲಹೋಮಕ್ಕೆ ಬಂದ ಮೇಲೆ ತೂಕ ಏರುತ್ತ ಏರುತ್ತ ಟೈಟ್ ಎಂಡ್ (ಅರ್ಧ ಕಡಲೆಬೀಜ, ಅರ್ಧ ನಿಪ್ಪಟ್ಟು) ಆದ, ಆಮೇಲೆ ರಕ್ಷಣೆಯ ಸಾಲಿಗೆ ಹೋದ, ಕೊನೆಗೆ ಟ್ಯಾಕಲ್ ಆದ, ಅಂದರೆ ಲೈನಿನ ಅಂಚಿನ ಅಪ್ಪಟ ನಿಪ್ಪಟ್ಟು. 2013ರಲ್ಲಿ ಫಿಲಡೆಲ್ಫಿಯ ತಂಡ ಇಡೀ ದೇಶಕ್ಕೆ ನಾಲ್ಕನೆಯವನಾಗಿ ಅವನನ್ನು ಆಯ್ದುಕೊಂಡಿತು. ಕೋಡುಬಳೆ ನಿಪ್ಪಟ್ಟಾಗಿ ಕೃತಾರ್ಥವಾದ ಕತೆ. ಹದಿನೇಳರ ಹುಡುಗನ ಜಾಗ ಹೇಳುವಾಗ ಅವನ ಅಪ್ಪನ ಭುಜ, ಅಮ್ಮನ ಕಡೆಯ ಮಾವಂದಿರ ಎತ್ತರ, ಪಾದದ ಅಳತೆ ಎಲ್ಲ ನೋಡುತ್ತಾರಂತೆ ಇಲ್ಲಿಯ ಕೋಚುಗಳು. ಹತ್ತು ಕಿಲೋ ಬಂದರೆ ಸೇಫ್ಟಿ ಲೈನ್‌ಬ್ಯಾಕರ್ ಆಗುತ್ತಾನೆ, ಇಪ್ಪತ್ತು ಬಂದರೆ ಇನ್ನೂ ಮುಂದಿನ ಸಾಲಿಗೆ. ನಮ್ಮಾಕೆಗೆ ಆಟದ ಮೇಲೆ ಗೌರವ ಹುಟ್ಟಿದ್ದು ಈ ಘಟ್ಟದಲ್ಲಿ. ಊಟ ಬಡಿಸುವವರ ಕೈಯಲ್ಲೇ ಎಲ್ಲ ಇದೆ ಎಂದಾಯಿತಲ್ಲ.

ಈಗ ನನ್ನ ಸರದಿ. ಕ್ರಿಕೆಟ್ ಗಂಧವಿಲ್ಲದ ಆ ಮನುಷ್ಯನಿಗೆ ನಾನು ರಾಹುಲ್ ದ್ರಾವಿಡ್ ಬಗ್ಗೆ ಹೇಳಿದೆ. ಬೆಂಗಳೂರಿನಲ್ಲಿ ಬೆಳೆದ ಹುಡುಗ, ಟೆಸ್ಟಿನಲ್ಲಿ ಮೂರನೇ ಕ್ರಮಾಂಕ ಎಂದರೆ ಅವನೇ. 1999ರ ವಿಶ್ವಕಪ್ಪಿನಲ್ಲಿ ಟಾಂಟನ್‌ನಲ್ಲಿ ವಿಕೆಟ್ ಕೀಪರ್ ಗಾಯಗೊಂಡಿದ್ದಾಗ ಕೈಗವಸು ಹಾಕು ಎಂದರು, ಹಾಕಿಕೊಂಡ, ಬ್ಯಾಟಿಂಗಿನಲ್ಲಿ 145 ಕೂಡ ಹೊಡೆದ. ಒಬ್ಬ ಬ್ಯಾಟ್ಸ್‌ಮನ್ ಹೆಚ್ಚು ಆಡಬಹುದಲ್ಲ ಎಂಬ ಲೆಕ್ಕಕ್ಕೆ 2003ರ ವಿಶ್ವಕಪ್ಪಿನಲ್ಲೂ ಅವನೇ ಕೀಪರ್. 2006ರಲ್ಲಿ ಲಾಹೋರಿನಲ್ಲಿ ಆರಂಭಿಕನಾಗಿ ಇಳಿದು ಸೆಹ್ವಾಗ್ ಜೊತೆ 410 ಓಟ ಕೂಡಿಸಿದ. ಎಲ್ಲಕ್ಕಿಂತ ದೊಡ್ಡದು 2001ರ ಕೋಲ್ಕತ್ತ. ಫಾಲೋ ಆನ್ ಆದಾಗ ಅವನ ಮೂರನೇ ಜಾಗವನ್ನು ಲಕ್ಷ್ಮಣ್‌ಗೆ ಕೊಟ್ಟು ಇವನನ್ನು ಆರಕ್ಕೆ ಇಳಿಸಿದರು. ಲಕ್ಷ್ಮಣ್ 281, ಇವನು 180, ನಾಲ್ಕನೇ ದಿನ ಪೂರ್ತಿ ಒಂದು ವಿಕೆಟ್ಟೂ ಬೀಳಲಿಲ್ಲ. ನೂರೆಂಬತ್ತಕ್ಕೆ ಓಡುವಾಗ ತನ್ನ ಜಾಗ ಹೋಯಿತೆಂದು ಅವನಿಗೆ ಅನಿಸಿತೋ ಇಲ್ಲವೋ, ಟಿವಿ ಮುಂದೆ ಕೂತಿದ್ದ ನನಗಂತೂ ಅನಿಸಿತ್ತು. ಇಂಥವರಿಗೆ ಜಾಗ ಕೊಡುವುದಿಲ್ಲ, ಎಲ್ಲಿ ಸೋರುತ್ತಿದೆಯೋ ಅಲ್ಲಿಗೆ ಕಳಿಸುತ್ತಾರೆ ಎಂಬುದು ನನ್ನ ಬಹುದಿನದ ದೂರು. ‘ನೀನು ಎಲ್ಲಿ ಬೇಕಾದರೂ ಆಡಬಲ್ಲೆ’ ಎಂಬ ಮಾತು ಕೇಳಲು ಇಂಪು. ಹೇಳುವವನ ಸೂರು ಎಲ್ಲಿ ಸೋರುತ್ತಿದೆ ಎಂದು ಮೊದಲು ನೋಡಿಕೊಳ್ಳಬೇಕು.

“ಹಾಗಂತ ಹಟ ಮಾಡಬೇಕಾ?” ಎಂದರು ಯಜಮಾನರು. ಅವರೇ ಎರಡು ಕತೆ ಹೇಳಿದರು. ಲಮಾರ್ ಜಾಕ್ಸನ್ 2016ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಹೈಸ್ಮನ್ ಗೆದ್ದವನು. ಅಷ್ಟಾದ ಮೇಲೂ, ಇಷ್ಟು ಚೆನ್ನಾಗಿ ಓಡುತ್ತಾನೆ, ವೃತ್ತಿಪರ ಆಟದಲ್ಲಿ ರಿಸೀವರ್ ಆದರೆ ಒಳ್ಳೆಯದು ಎಂದು ದೊಡ್ಡ ದೊಡ್ಡವರೇ ಸಲಹೆ ಕೊಟ್ಟರು. ರಿಸೀವರ್ ಆಗಿ ಪರೀಕ್ಷೆಗೆ ನಿಲ್ಲುವುದಿಲ್ಲ ಎಂದುಬಿಟ್ಟ. 2018ರಲ್ಲಿ ಮೊದಲ ಸುತ್ತಿನ ಕಟ್ಟಕಡೆಯವನಾಗಿ, ಮೂವತ್ತೆರಡನೆಯವನಾಗಿ ಆಯ್ಕೆಯಾದ. 2019ರಲ್ಲಿ, ಆಮೇಲೆ 2023ರಲ್ಲಿ, ಇಡೀ ಲೀಗಿನ ಅತ್ಯುತ್ತಮ ಆಟಗಾರ. ಕ್ವಾರ್ಟರ್‌ಬ್ಯಾಕ್ ಆಗಿಯೇ. ಇದು ಒಂದು. ಎರಡನೆಯದು ಮಿಷಿಗನ್ನಿನ ಮೈಕ್ ಸೇನ್ರಿಸ್ಟಿಲ್. ರಿಸೀವರ್ ಆಗಿ ಬಂದವನಿಗೆ 2022ರಲ್ಲಿ, ಎದುರು ಸಾಲಿಗೆ ಹೋಗುತ್ತೀಯಾ, ಅಲ್ಲಿ ಜನ ಕಡಿಮೆ ಎಂದರು. ಅಷ್ಟು ವರ್ಷ ಚೆಂಡು ಹಿಡಿಯುವುದನ್ನೇ ಕಲಿತವನು, ಹಿಡಿಯುವವನನ್ನು ತಡೆಯುವುದು ಕಲಿಯಲು ಹೊರಟ. 2024ರ ಜನವರಿಯಲ್ಲಿ ವಾಷಿಂಗ್ಟನ್ ವಿರುದ್ಧ ರಾಷ್ಟ್ರೀಯ ಚಾಂಪಿಯನ್‌ಶಿಪ್ ಫೈನಲ್. ಕೊನೆಗಳಿಗೆಯಲ್ಲಿ ಎದುರಾಳಿಯ ಎಸೆತವನ್ನು ಕಸಿದು 81 ಗಜ ಓಡಿದವನು ಇವನೇ. ಚೆಂಡು ಹಿಡಿಯುವ ಹಳೆಯ ವಿದ್ಯೆ ಸುಮ್ಮನೆ ಹೋಗಲಿಲ್ಲ.

ಒಬ್ಬ ಒಲ್ಲೆ ಅಂದ, ಒಬ್ಬ ಹೂಂ ಅಂದ. ಇಬ್ಬರೂ ಗೆದ್ದರು. ಗೆಲ್ಲದೆ ಹೋದವರ ಹೆಸರು ನಮಗೆ ಗೊತ್ತಿಲ್ಲದಿರುವುದರಿಂದ ಇದರಲ್ಲಿ ಯಾವುದನ್ನೂ ಸೂತ್ರ ಮಾಡಿ ಬೋರ್ಡಿನ ಮೇಲೆ ಬರೆಯುವಂತಿಲ್ಲ. ಇಬ್ಬರಲ್ಲೂ ಉತ್ತರ ಕೊಟ್ಟವನು ಹುಡುಗನೇ ಎಂಬುದನ್ನು ಮಾತ್ರ ನಾನು ಗಮನಿಸಿದೆ. ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಉತ್ತರ ಯಾವಾಗಲೂ ಅಪ್ಪನ ಬಾಯಿಂದ ಬರುತ್ತಿತ್ತು, ಪ್ರಶ್ನೆಯೂ ಕೂಡ. “ಹುಡುಗನನ್ನೇ ಕೇಳಿದ್ರಾ?” ಎಂದೆ. “ಹತ್ತು ಸಲ ಕೇಳಿದ್ದೀನಿ” ಎಂದರು ಅವರು. ತಟ್ಟೆಯ ಕಡೆ ನೋಡಿದರೆ ಗೋಡಂಬಿ ಇರಲಿಲ್ಲ. ಯಾರು ತಿಂದರೆಂದು ಇಬ್ಬರೂ ಒಪ್ಪಿಕೊಳ್ಳಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ಮೊಮ್ಮಗ ಬಂದ. ಊಟವಾದ ಮೇಲೆ ಕುಂಬಳಕಾಯಿ ಪೈ ತಿನ್ನಲು ನಮ್ಮನ್ನೂ ಕರೆದರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವ ಎತ್ತರ, ಆ ಎತ್ತರಕ್ಕೆ ತಾನೇ ನಾಚಿಕೊಂಡಂಥ ಮುಖ. ಕೈ ಕೊಟ್ಟ. ನನ್ನ ಅಂಗೈ ಅವನ ಅಂಗೈಯೊಳಗೆ ಮಾಯವಾಗಿ ವಾಪಸು ಬಂತು. ಯಜಮಾನರು ಅವನನ್ನು ನನ್ನೆದುರು ಸೋಫಾದಲ್ಲಿ ಕೂರಿಸಿ, “ಇವರು ಇಂಥ ಹುಡುಗರನ್ನು ಸಾವಿರಾರು ನೋಡಿದ್ದಾರೆ” ಎಂದು ಪರಿಚಯ ಮಾಡಿಸಿದರು. ಜಾತಕ ತೋರಿಸುವ ಠೀವಿ. ನಾನು ಗಂಟಲು ಸರಿಮಾಡಿಕೊಂಡು, “ನಿನಗೆ ಎಲ್ಲಿ ಆಡೋಕೆ ಇಷ್ಟ ಮಗು?” ಎಂದೆ.

“ಸೇಫ್ಟಿ” ಎಂದ, ತಡಮಾಡದೆ. ಯಾಕೆ ಎಂದೆ. “ಅಲ್ಲಿ ನಿಂತರೆ ಪೂರ್ತಿ ಮೈದಾನ ಕಾಣುತ್ತೆ. ಬೇರೆ ಎಲ್ಲಿ ನಿಂತ್ರೂ ಎದುರಿಗಿರೋ ಒಬ್ಬನೇ ಕಾಣೋದು.”

ಯಜಮಾನರು ಪೈ ತಟ್ಟೆಯನ್ನು ಮೇಜಿನ ಮೇಲಿಟ್ಟರು. “ನನಗೆ ಯಾಕೋ ಇದನ್ನ ಹೇಳಲಿಲ್ಲ?”

“ನೀವು ಕೇಳಿದ್ದು ಎಲ್ಲಿ ಚೆನ್ನಾಗಿ ಆಡ್ತೀಯ ಅಂತ ತಾತ. ಅದಕ್ಕೆ ಎಲ್ಲಾ ಕಡೆ ಅಂದೆ.” ಸ್ವಲ್ಪ ಹೊತ್ತು ಬಿಟ್ಟು ಅವನೇ ಸೇರಿಸಿದ: “ಕೋಚುಗಳು ಕೇಳಿದ್ರೂ ಹಾಗೇ ಹೇಳೋದು. ಇಲ್ಲದಿದ್ರೆ ಹಟಮಾರಿ ಅಂತ ಬರ್ಕೋತಾರೆ.”

ಅವನ ಅಜ್ಜಿಗೆ ಈ ಚರ್ಚೆಯಲ್ಲಿ ಆಸಕ್ತಿಯಿರಲಿಲ್ಲ. ಕಾಲೇಜಿನ ಮೊದಲ ದರ್ಜೆ ತಂಡದಲ್ಲಿ ಆಡಬೇಕಾದರೆ ಹೈಸ್ಕೂಲಿನಲ್ಲಿ ಹದಿನಾರು ಮುಖ್ಯ ಪಾಠಗಳನ್ನು ಮುಗಿಸಿರಬೇಕು, ಸರಾಸರಿ ಗ್ರೇಡ್ ಕನಿಷ್ಠ 2.3 ಇರಬೇಕು ಎಂಬ ನಿಯಮ ಆಕೆಗೆ ಬಾಯಿಪಾಠ. ಹುಡುಗನ ರಸಾಯನಶಾಸ್ತ್ರ ಸ್ವಲ್ಪ ಕುಂಟುತ್ತಿತ್ತು. ಸಾವಿರಾರು ಹುಡುಗರನ್ನು ನೋಡಿದವರು ಮನೆಗೇ ಬಂದಿದ್ದಾರೆಂದ ಮೇಲೆ ಬಿಡುತ್ತಾರೆಯೇ? ಪುಸ್ತಕ, ಪೆನ್ಸಿಲು, ಹುಡುಗ, ನಾನು, ನಾಲ್ಕನ್ನೂ ಅಡುಗೆಮನೆಯ ಮೇಜಿಗೆ ಸಾಗಿಸಿದರು.

ಅವನು ಸಿಕ್ಕಿಬಿದ್ದಿದ್ದ ಲೆಕ್ಕ ನನ್ನ ಹಳೆಯ ಸ್ನೇಹಿತ. ಎರಡು ವಸ್ತುಗಳು ಸೇರಿ ಮೂರನೆಯದಾಗುತ್ತವೆ. ಒಂದು ರಾಶಿ ಇದೆ, ಇನ್ನೊಂದು ಚೂರೇ ಚೂರು. ಉತ್ಪನ್ನ ಎಷ್ಟಾಗುತ್ತದೆ? ಹುಡುಗ ರಾಶಿಯಿರುವುದನ್ನೇ ಹಿಡಿದು ಗುಣಿಸುತ್ತ ಕೂತಿದ್ದ. ಎಷ್ಟೋ ಕಾಲದ ಮೇಲೆ ಪಾಠ ಮಾಡುವ ಭಾಗ್ಯ ಒದಗಿ ನನ್ನ ದನಿ ತಾನಾಗಿ ಏರಿತು. “ನೋಡು, ರಾಶಿ ಇರೋದನ್ನ ಮರೆತುಬಿಡು. ಯಾವುದು ಕಡಿಮೆ ಇದೆಯೋ ಅದೇ ಎಲ್ಲಾನೂ ನಿರ್ಧಾರ ಮಾಡೋದು!”

“ನಾನು ಹೇಳಿದ್ದೂ ಅದೇ ಅಲ್ವಾ!” ಎಂದು ಹಾಲಿನಿಂದ ಯಜಮಾನರ ಕೂಗು ಬಂತು. “ಕಾರ್ನರ್‌ಬ್ಯಾಕ್!”

ಅಜ್ಜಿ ಎದ್ದುಹೋಗಿ ಅಡುಗೆಮನೆಯ ಬಾಗಿಲು ಹಾಕಿದರು.